ಲಂಡನ್ ನಗರದ ಜಲಪರೀಕ್ಷೆ

ಸಂಸ್ಕೃತದಲ್ಲಿ ನೀರಿಗೆ ಜೀವನವೆಂದೂ ಅಮೃತವೆಂದೂ ಹೆಸರುಂಟು. ಅದೇ ಭಾಷೆಯ ಕೋಶಕಾರರು ವಿಷವೆಂಬ ಶಬ್ದಕ್ಕೂ ನೀರೆಂಬ ಅರ್ಥವನ್ನು ಹೇಳಿರುತ್ತಾರೆ. ಬಾಲ್ಯದಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುವವರಿಗೆ ಇದು ಕೇವಲ ಶಬ್ದವೈಚಿತ್ರ್ಯವಾಗಿ ತೋರುವುದು. ನಗರಗಳ ಚರಿತ್ರೆಯನ್ನು ಓದಿದವರಿಗಾದರೋ ಈ ಎರಡು ಹೆಸರುಗಳೂ ಒಂದೇ ಬಾವಿಯ ನೀರಿಗೆ ಒಂದು ವಾರದೊಳಗಾಗಿ ಸಲ್ಲಬಹುದೆಂಬುದು ಮನದಟ್ಟಾಗುತ್ತದೆ. ಯಾವ ಕೊಡದಲ್ಲಿರುವುದು ಜೀವನ, ಯಾವ ಕೊಡದಲ್ಲಿರುವುದು ವಿಷ, ಇದನ್ನು ಮನುಷ್ಯನು ತಿಳಿಯುವ ಬಗೆ ಯಾವುದು? ಈ ಪ್ರಶ್ನೆಗೆ ಉತ್ತರವು ಮುಖ್ಯವಾಗಿ ಲಂಡನ್ ಪಟ್ಟಣದಲ್ಲಿ, ಸಾವಿರಾರು ಜನರ ಪ್ರಾಣವ್ಯಯದಿಂದ, ಹಂತಹಂತವಾಗಿ ದೊರೆಯಿತು. ಆ ವೃತ್ತಾಂತವನ್ನು ಯಥಾಮತಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶವು.

ನಮ್ಮ ಪೂರ್ವಿಕರು ಜಲಪರೀಕ್ಷೆಯನ್ನು ಅರಿಯದವರಾಗಿರಲಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಕೆಟ್ಟ ನೀರಿನ ದೋಷಗಳನ್ನು ಸ್ಪರ್ಶ, ರೂಪ, ರಸ, ಗಂಧ, ವೀರ್ಯ, ವಿಪಾಕಗಳೆಂದು ಆರಾಗಿ ವಿಂಗಡಿಸಿದೆ. ಕದಡಿದ ನೀರನ್ನು ತಿಳಿಗೊಳಿಸಲು ಕತಕಬೀಜ ಮುಂತಾದ ಸಾಧನಗಳನ್ನೂ ಹೇಳಿದೆ. ಈ ಕತಕವೇ ನಮ್ಮವರ ಚಿಲ್ಲದ ಬೀಜ. ಇವುಗಳಲ್ಲಿ ಮೊದಲಿನ ನಾಲ್ಕು ದೋಷಗಳು ಇಂದ್ರಿಯಗಳಿಗೆ ನೇರವಾಗಿ ಗೋಚರಿಸುವಂಥವು. ಉಳಿದೆರಡು ಕುಡಿದ ಮೇಲೆ ಫಲದಿಂದ ತಿಳಿಯತಕ್ಕವು. ತನ್ನ ಬಾವಿಯನ್ನು ತಾನೇ ತೋಡಿಸಿ, ಅದರ ಸುತ್ತಣ ನೆಲವನ್ನು ತಾನೇ ಬಲ್ಲ ಗೃಹಸ್ಥನಿಗೆ ಇಷ್ಟು ಪರೀಕ್ಷೆ ಬಹುಮಟ್ಟಿಗೆ ಸಾಲುತ್ತಿದ್ದಿತು. ಲಕ್ಷಾಂತರ ಜನರು ಒತ್ತೊತ್ತಾಗಿ ನೆಲೆಸಿದ ಪಟ್ಟಣದಲ್ಲಿ ಹಾಗಲ್ಲ. ಅಲ್ಲಿ ನೀರು ಕಾಣದ ಮೂಲದಿಂದ, ಕಾಣದ ಕೊಳವೆಗಳ ಮಾರ್ಗವಾಗಿ, ಕಾಣದ ಕೈಗಳನ್ನು ದಾಟಿ ಮನೆಗೆ ಬರುತ್ತದೆ. ಕುಡಿಯುವವನು ಪರರ ಮಾತನ್ನು ನಂಬಿಯೇ ಕುಡಿಯಬೇಕಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಲಂಡನ್ನಿನ ಸ್ಥಿತಿಯು ಹೀಗೆಯೇ ಇದ್ದಿತು. ನೀರನ್ನೊದಗಿಸುವ ಕೆಲಸವು ಹಲವು ಖಾಸಗಿ ಕಂಪೆನಿಗಳ ಕೈಯಲ್ಲಿದ್ದಿತು. ಅವುಗಳಲ್ಲಿ ಕೆಲವು ಥೇಮ್ಸ್ ನದಿಯ ನೀರನ್ನು ಪಟ್ಟಣದ ನಡುವಿನಲ್ಲಿಯೇ ಎತ್ತುತ್ತಿದ್ದುವು. ಪಟ್ಟಣದ ಚರಂಡಿಗಳೂ ಅದೇ ನದಿಯನ್ನು ಸೇರುತ್ತಿದ್ದುವು. ೧೮೫೦ರಲ್ಲಿ ಆರ್ಥರ್ ಹಿಲ್ ಹಸಲ್ ಎಂಬ ವೈದ್ಯನು ಕಂಪೆನಿಗಳ ನೀರನ್ನು ಸೂಕ್ಷ್ಮದರ್ಶಕ ಯಂತ್ರದಿಂದ ನೋಡಿ, ಅದರಲ್ಲಿ ಓಡಾಡುವ ಜೀವಿಗಳನ್ನೂ ಕಶ್ಮಲವನ್ನೂ ಚಿತ್ರಸಹಿತವಾಗಿ ಪ್ರಕಟಿಸಿದನು. ಜನರು ಹೇಸಿದರು. ೧೮೫೨ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆಯನ್ನು ಮಾಡಿ, ಉಬ್ಬರವಿಳಿತದ ನೀರು ತಲಪದ ಟೆಡಿಂಗ್ಟನ್ ಎಂಬ ಸ್ಥಳದ ಮೇಲ್ಭಾಗದಿಂದಲೇ ನದಿಯ ನೀರನ್ನೆತ್ತಬೇಕೆಂದೂ ಮರಳಿನ ತೊಟ್ಟಿಗಳಲ್ಲಿ ಸೋಸಿಯೇ ಕೊಡಬೇಕೆಂದೂ ವಿಧಿಸಿ, ಕಂಪೆನಿಗಳಿಗೆ ಕೆಲವು ವರ್ಷಗಳ ಗಡುವನ್ನು ಕೊಟ್ಟಿತು. ಆ ಗಡುವು ಮುಗಿಯುವ ಮೊದಲೇ ಕಾಲರಾ ಎಂಬ ವಾಂತಿಭೇದಿಯು ಮರಳಿ ಬಂದಿತು.

೧೮೫೪ನೆಯ ಇಸವಿ ಆಗಸ್ಟ್ ೩೧ರ ರಾತ್ರಿ ಸೋಹೋ ಎಂಬ ಪೇಟೆಯ ಬ್ರಾಡ್ ಸ್ಟ್ರೀಟಿನ ಸುತ್ತಮುತ್ತ ರೋಗವು ಉಲ್ಬಣಿಸಿತು. ಹತ್ತು ದಿನಗಳೊಳಗಾಗಿ ಐನೂರಕ್ಕೂ ಹೆಚ್ಚು ಮಂದಿ ಮೃತರಾದರು. ಆ ಬೀದಿಯಲ್ಲಿ ಒಂದು ಸಾರ್ವಜನಿಕ ಬಾವಿಯೂ ಅದಕ್ಕೊಂದು ಕೈಪಂಪೂ ಇದ್ದುವು. ಆ ನೀರು ತಿಳಿಯಾದುದು, ತಂಪಾದುದು, ರುಚಿಕರವಾದುದು ಎಂದು ಸುತ್ತಿನ ಕೇರಿಗಳಲ್ಲೆಲ್ಲ ಹೆಸರಾಗಿದ್ದಿತು. ಹ್ಯಾಂಪ್‌ಸ್ಟೆಡ್ ಎಂಬ ದೂರದ ಉಪನಗರಕ್ಕೆ ಹೋಗಿ ನೆಲೆಸಿದ್ದ ಒಬ್ಬ ವಿಧವೆಯು ಈ ನೀರಿನ ರುಚಿಗೆ ಮನಸೋತು, ಪ್ರತಿದಿನವೂ ಒಂದು ದೊಡ್ಡ ಸೀಸೆಯಲ್ಲಿ ಅದನ್ನು ಬಂಡಿಯ ಮೇಲೆ ತರಿಸಿಕೊಳ್ಳುತ್ತಿದ್ದಳು. ಆಗಸ್ಟ್ ೩೧ರಂದು ತಂದ ನೀರನ್ನು ಕುಡಿದ ಆಕೆ ಸೆಪ್ಟೆಂಬರ್ ೨ರಂದು ತೀರಿಕೊಂಡಳು. ಆಕೆಯನ್ನು ನೋಡಹೋಗಿ ಅದೇ ನೀರನ್ನು ಕುಡಿದ ಸೋದರಸಂಬಂಧದ ಹೆಣ್ಣುಮಗಳೊಬ್ಬಳು ಇಸ್ಲಿಂಗ್ಟನ್ನಿನ ತನ್ನ ಮನೆಗೆ ಹಿಂದಿರುಗಿ ಅಲ್ಲಿ ಮೃತಳಾದಳು. ಆ ಎರಡು ಸ್ಥಳಗಳಲ್ಲಿಯೂ ಆಗ ಬೇರೆ ರೋಗಿಗಳಿರಲಿಲ್ಲ. ನಾಲಗೆಯು ಉತ್ತಮವೆಂದು ಆರಿಸಿಕೊಂಡ ನೀರೇ ಮೃತ್ಯುವನ್ನು ತಂದಿತು.

ಈ ಸಂಗತಿಗಳನ್ನು ಮನೆಮನೆಗೆ ಹೋಗಿ ಕಲೆಹಾಕಿದವನು ಜಾನ್ ಸ್ನೋ ಎಂಬ ವೈದ್ಯನು. ಕೆಟ್ಟ ಗಾಳಿಯಿಂದ ಕಾಲರಾ ಹರಡುತ್ತದೆಂಬುದು ಅಂದಿನ ಪಂಡಿತರ ಮತ. ರೋಗಿಯ ಮಲದಿಂದ ಕೆಟ್ಟ ನೀರೇ ಕಾರಣವೆಂದು ಸ್ನೋ ೧೮೪೯ರಲ್ಲಿಯೇ ಬರೆದಿದ್ದನು. ಆತನು ಬ್ರಾಡ್ ಸ್ಟ್ರೀಟಿನ ನೀರನ್ನು ಪರೀಕ್ಷಿಸಿದಾಗ ಮೊದಲ ದಿನ ಅದರಲ್ಲಿ ಹೇಳಿಕೊಳ್ಳುವಂಥ ಕಶ್ಮಲವೇನೂ ಕಾಣಿಸಲಿಲ್ಲ. ನೀರನ್ನು ನೋಡಿ ತಿಳಿಯಲಾಗದುದನ್ನು ಆತನು ಕುಡಿದವರನ್ನೂ ಕುಡಿಯದವರನ್ನೂ ಹೋಲಿಸಿ ತಿಳಿದನು. ನಮ್ಮ ತಾರ್ಕಿಕರು ಇದನ್ನೇ ಅನ್ವಯವ್ಯತಿರೇಕವೆಂದು ಕರೆಯುತ್ತಾರೆ. ಕಾರಣವಿದ್ದಲ್ಲಿ ಕಾರ್ಯವಿರುವುದೂ ಕಾರಣವಿಲ್ಲದಲ್ಲಿ ಕಾರ್ಯವಿಲ್ಲದಿರುವುದೂ ಎಂದು ಅದರ ಅರ್ಥ. ದೂರದ ವಿಧವೆಯು ಅನ್ವಯಕ್ಕೆ ಸಾಕ್ಷಿಯಾದಳು. ಆ ಪೇಟೆಯಲ್ಲಿಯೇ ಇದ್ದ ಬಡವರ ಆಶ್ರಯಾಲಯವು ವ್ಯತಿರೇಕಕ್ಕೆ ಸಾಕ್ಷಿಯಾಯಿತು. ಅದರಲ್ಲಿದ್ದ ೫೩೫ ಮಂದಿಯಲ್ಲಿ ಸತ್ತವರು ಐವರು ಮಾತ್ರ. ಆ ಆಶ್ರಯಾಲಯಕ್ಕೆ ಸ್ವಂತ ಬಾವಿಯಿದ್ದಿತು. ಪಂಪಿನ ಸಮೀಪದಲ್ಲಿಯೇ ಇದ್ದ ಬೀರು ಕಾರ್ಖಾನೆಯ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬನೂ ಸಾಯಲಿಲ್ಲ; ಅವರು ಆ ಪಂಪಿನ ನೀರನ್ನು ಕುಡಿಯುತ್ತಿರಲಿಲ್ಲ.

ಸೆಪ್ಟೆಂಬರ್ ೭ರ ಸಾಯಂಕಾಲ ಸ್ನೋ ಆ ಪೇಟೆಯ ಮುಖ್ಯಸ್ಥರ ಮುಂದೆ ಇದನ್ನೆಲ್ಲ ನಿವೇದಿಸಿದನು. ಮರುದಿನ ಪಂಪಿನ ಹಿಡಿಯನ್ನು ಕಳಚಿದರು. ಹಿಡಿಯನ್ನು ಕಳಚಿದ ಕೂಡಲೆ ರೋಗವು ನಿಂತಿತೆಂದು ಕೆಲವರು ಕಥೆಯಂತೆ ಹೇಳುವುದುಂಟು. ಜನರು ಊರು ಬಿಟ್ಟು ಹೋದುದರಿಂದ ರೋಗವು ಅದಕ್ಕೆ ಮುಂಚೆಯೇ ಇಳಿಮುಖವಾಗಿದ್ದಿತೆಂದು ಸ್ನೋ ತಾನೇ ಬರೆದಿದ್ದಾನೆ. ಹೆನ್ರಿ ವೈಟ್‌ಹೆಡ್ ಎಂಬ ತರುಣ ಪಾದ್ರಿಯು ಸ್ನೋವಿನ ಮತವನ್ನು ಖಂಡಿಸುವ ಉದ್ದೇಶದಿಂದಲೇ ಶೋಧನೆಗೆ ತೊಡಗಿದನು. ಕೊನೆಗೆ ಅವನೇ ಅದರ ಪ್ರಬಲ ಸಾಕ್ಷಿಯಾದನು. ಬಾವಿಯ ಎದುರಿನ ಮನೆಯಲ್ಲಿ ಭೇದಿಯಿಂದ ತೀರಿಕೊಂಡ ಒಂದು ಹಸುಗೂಸಿನ ಬಟ್ಟೆಗಳನ್ನೊಗೆದ ನೀರನ್ನು ಮನೆಯ ಮುಂದಣ ಮಲಗುಂಡಿಗೆ ಸುರಿದಿದ್ದರೆಂಬುದನ್ನು ಅವನು ಕಂಡುಹಿಡಿದನು. ಅಗೆದು ನೋಡಲಾಗಿ, ಆ ಗುಂಡಿಯ ಇಟ್ಟಿಗೆಗಳು ಸಡಿಲಿದ್ದುವು; ಬಾವಿಗೂ ಗುಂಡಿಗೂ ಮೂರು ಅಡಿಯಷ್ಟೂ ಅಂತರವಿರಲಿಲ್ಲ.

ಅದೇ ವರ್ಷ ನದಿಯ ದಕ್ಷಿಣದಡದಲ್ಲಿ ಸ್ನೋ ನಡೆಯಿಸಿದ ಶೋಧನೆಯು ಜಲಪರೀಕ್ಷೆಯ ದೃಷ್ಟಿಯಿಂದ ಇನ್ನೂ ಮಹತ್ತ್ವದ್ದು. ಅಲ್ಲಿ ಎರಡು ಕಂಪೆನಿಗಳ ಕೊಳವೆಗಳು ಒಂದೇ ಬೀದಿಗಳಲ್ಲಿ ಹಾದುಹೋಗಿದ್ದುವು. ಲ್ಯಾಂಬೆತ್ ಕಂಪೆನಿಯು ೧೮೫೨ರಲ್ಲಿಯೇ ತನ್ನ ಮೂಲವನ್ನು ನದಿಯ ಮೇಲ್ಭಾಗಕ್ಕೆ ಬದಲಾಯಿಸಿಕೊಂಡಿದ್ದಿತು. ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪೆನಿಯು ಪಟ್ಟಣದೊಳಗಣ ಬ್ಯಾಟರ್ಸಿಯಿಂದ ಕೊಳೆತ ನೀರನ್ನೇ ಎತ್ತುತ್ತಿದ್ದಿತು. ತಮ್ಮ ಮನೆಗೆ ಯಾವ ಕಂಪೆನಿಯ ನೀರು ಬರುವುದೆಂದು ಬಾಡಿಗೆದಾರರಲ್ಲಿ ಅನೇಕರಿಗೆ ಗೊತ್ತಿರಲಿಲ್ಲ. ಅದನ್ನು ತಿಳಿಯಲು ಸ್ನೋ ಒಂದು ಸುಲಭೋಪಾಯವನ್ನು ಕಂಡುಕೊಂಡನು. ಉಪ್ಪಿರುವ ನೀರಿಗೆ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಹಾಕಿದರೆ ಬಿಳಿಯ ಗಸಿಯುಂಟಾಗುತ್ತದೆ. ಬ್ಯಾಟರ್ಸಿಯ ತನಕ ಸಮುದ್ರದ ಉಬ್ಬರವು ಬರುತ್ತಿದ್ದುದರಿಂದ ಅಲ್ಲಿಯ ನೀರಿನ ಒಂದು ಗ್ಯಾಲನ್ನಿನಲ್ಲಿ ಸುಮಾರು ೩೮ ಗ್ರೇನ್ ಉಪ್ಪು ಇದ್ದಿತು; ಮೇಲ್ಭಾಗದ ನೀರಿನಲ್ಲಿ ಒಂದು ಗ್ರೇನಿಗೂ ಕಡಮೆ. ಹೀಗೆ ಮನೆಗಳನ್ನು ವಿಂಗಡಿಸಿದ ಮೇಲೆ ಲೆಕ್ಕವು ಸ್ಪಷ್ಟವಾಯಿತು. ಮೊದಲಿನ ಏಳು ವಾರಗಳಲ್ಲಿ ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪೆನಿಯ ೪೦,೦೪೬ ಮನೆಗಳಲ್ಲಿ ೧,೨೬೩ ಸಾವುಗಳೂ ಲ್ಯಾಂಬೆತ್ ಕಂಪೆನಿಯ ೨೬,೧೦೭ ಮನೆಗಳಲ್ಲಿ ೯೮ ಸಾವುಗಳೂ ಸಂಭವಿಸಿದ್ದುವು. ಹತ್ತು ಸಾವಿರ ಮನೆಗಳಿಗೆ ಎಣಿಸಿದರೆ ಒಂದು ಕಡೆ ೩೧೫, ಇನ್ನೊಂದು ಕಡೆ ೩೭.

ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಉಪ್ಪಿನಿಂದ ಯಾರೂ ಸಾಯಲಿಲ್ಲ. ಉಪ್ಪು ನೀರಿನ ಮೂಲವನ್ನು ಸೂಚಿಸುವ ಗುರುತು ಮಾತ್ರವಾಗಿದ್ದಿತು. ಬೆಟ್ಟದ ಮೇಲೆ ಕಾಣದಿರುವ ಬೆಂಕಿಯನ್ನು ಕಾಣುವ ಹೊಗೆಯಿಂದ ಊಹಿಸುವ ದೃಷ್ಟಾಂತವನ್ನು ಪಾಠಶಾಲೆಯಲ್ಲಿ ತರ್ಕವನ್ನೋದಿದವರೆಲ್ಲರೂ ಬಲ್ಲರು. ಆ ಹೊಗೆಗೆ ಶಾಸ್ತ್ರದಲ್ಲಿ ಲಿಂಗವೆಂದು ಹೆಸರು. ಪ್ರತ್ಯಕ್ಷಪ್ರಮಾಣವು ಸೋತಲ್ಲಿ ಅನುಮಾನಪ್ರಮಾಣವು ಕೈಹಿಡಿಯಬೇಕು. ಅನುಮಾನಕ್ಕೆ ನಿರ್ದುಷ್ಟವಾದ ಲಿಂಗವೊಂದು ಬೇಕು. ಸ್ನೋವಿನ ತರುವಾಯದ ಜಲಪರೀಕ್ಷೆಯ ಇತಿಹಾಸವೆಂದರೆ ಇಂತಹ ಲಿಂಗವೊಂದನ್ನು ಹುಡುಕಿದ ಇತಿಹಾಸವೆಂದು ಹೇಳಬಹುದು.

ಮೊದಲು ರಸಾಯನಶಾಸ್ತ್ರಜ್ಞರು ಹುಡುಕಿದರು. ೧೮೬೫ರಿಂದ ಎಡ್ವರ್ಡ್ ಫ್ರಾಂಕ್‌ಲೆಂಡ್ ಎಂಬ ಪ್ರಸಿದ್ಧ ವಿದ್ವಾಂಸನು ಲಂಡನ್ನಿನ ಕಂಪೆನಿಗಳ ನೀರನ್ನು ತಿಂಗಳು ತಿಂಗಳಿಗೂ ಪೃಥಕ್ಕರಿಸಿ ಸರಕಾರಕ್ಕೆ ವರದಿಯನ್ನು ಒಪ್ಪಿಸುತ್ತಿದ್ದನು. ನೀರಿನಲ್ಲಿ ಕರಗಿರುವ ಸಾರಜನಕದ ಸಂಯುಕ್ತಗಳಿಂದ ಅದು ಹಿಂದೆಂದಾದರೂ ಮಲಸಂಪರ್ಕವನ್ನು ಪಡೆದಿತ್ತೇ ಎಂಬುದನ್ನು ಆತನು ಊಹಿಸುತ್ತಿದ್ದನು. ಆತನ ವಿಧಾನವನ್ನು ಒಪ್ಪದ ವ್ಯಾಂಕ್ಲಿನ್ ಎಂಬ ಮತ್ತೊಬ್ಬ ಪಂಡಿತನು ೧೮೬೭ರಲ್ಲಿ ಬೇರೊಂದು ವಿಧಾನವನ್ನು ಮುಂದಿಟ್ಟನು. ಇವರೀರ್ವರ ವಾದವು ಬಹುಕಾಲ ನಡೆಯಿತು. ಆದರೆ ಕೊಳೆಯನ್ನು ಅಳೆಯಬಲ್ಲ ರಸಾಯನವು ಅದರಲ್ಲಿ ರೋಗಬೀಜವಿದೆಯೇ ಎಂಬುದನ್ನು ಹೇಳಲಾರದಾಗಿದ್ದಿತು.

ಈ ನಡುವೆ ೧೮೬೬ರಲ್ಲಿ ಕಾಲರಾ ಪುನಃ ಬಂದು ಲಂಡನ್ನಿನ ಪೂರ್ವಭಾಗದಲ್ಲಿ ಐದು ಸಾವಿರಕ್ಕೂ ಮಿಕ್ಕು ಜನರನ್ನು ಬಲಿತೆಗೆದುಕೊಂಡಿತು. ಜನನಮರಣಗಳ ಲೆಕ್ಕವನ್ನಿಡುತ್ತಿದ್ದ ವಿಲಿಯಂ ಫಾರ್ ಎಂಬಾತನು ಮೃತರ ಮನೆಗಳೆಲ್ಲ ಬಹುತೇಕ ಒಂದೇ ಕಂಪೆನಿಯ ನೀರಿನ ಸರಹದ್ದಿನಲ್ಲಿರುವುದನ್ನು ತೋರಿಸಿದನು. ಸೋಸದ ನೀರಿನ ಒಂದು ಹನಿಯನ್ನೂ ತಾವು ಕೊಟ್ಟಿಲ್ಲವೆಂದು ಆ ಕಂಪೆನಿಯ ಎಂಜಿನಿಯರನು ವೃತ್ತಪತ್ರಿಕೆಗೆ ಬರೆದನು. ಅಷ್ಟರಲ್ಲಿ ಗಿರಾಕಿಗಳಲ್ಲಿ ಕೆಲವರು ತಮ್ಮ ಮನೆಯ ಕೊಳವೆಯಲ್ಲಿ ಹಾವುಮೀನು ಸಿಕ್ಕಿತೆಂದು ತಿಳಿಸಿದರು. ಮರಳಿನ ತೊಟ್ಟಿಯನ್ನು ಹಾವುಮೀನು ದಾಟಿ ಬರುವುದೆಂತು? ವಿಚಾರಣೆಯಾದಾಗ, ಮುಚ್ಚಳವಿಲ್ಲದ ಹಳೆಯ ಜಲಾಶಯವೊಂದರ ನೀರನ್ನು ಕಾಯಿದೆಗೆ ವಿರುದ್ಧವಾಗಿ ಕೊಳವೆಗಳಿಗೆ ಬಿಟ್ಟಿದ್ದುದು ಹೊರಪಟ್ಟಿತು. ನೀರನ್ನು ಮಾರುವವನೇ ಆ ನೀರಿಗೆ ಸಾಕ್ಷಿಯಾಗಬಾರದೆಂಬ ಪಾಠವನ್ನು ಪಾರ್ಲಿಮೆಂಟಿನ ವಾದಗಳಿಗಿಂತ ಚೆನ್ನಾಗಿ ಈ ಮೂಕಪ್ರಾಣಿಯು ಕಲಿಸಿತೆಂದರೆ ಅತಿಶಯೋಕ್ತಿಯಾಗಲಾರದು.

ರೋಗಬೀಜವನ್ನೇ ಕಣ್ಣಿಗೆ ತೋರಿಸಿದವನು ಜರ್ಮನಿಯ ರಾಬರ್ಟ್ ಕಾಖ್. ೧೮೮೪ರಲ್ಲಿ ಆತನು ನಮ್ಮ ಕಲ್ಕತ್ತೆಯಲ್ಲಿಯೇ ಕಾಲರಾ ಕ್ರಿಮಿಯನ್ನು ಬೇರ್ಪಡಿಸಿ, ಅಲ್ಲಿಯ ಒಂದು ಕೆರೆಯ ನೀರಿನಲ್ಲಿಯೂ ಅದನ್ನು ಕಂಡನು. ಹನಿ ನೀರನ್ನು ಲೋಳೆಯಂತಹ ಆಹಾರದಲ್ಲಿ ಬೆರೆಸಿ ಗಾಜಿನ ಮೇಲೆ ಹರಡಿದರೆ, ಒಂದೊಂದು ಕ್ರಿಮಿಯೂ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ, ಚುಕ್ಕೆಗಳನ್ನು ಎಣಿಸಬಹುದು. ೧೮೮೫ರಿಂದ ಫ್ರಾಂಕ್‌ಲೆಂಡನ ಮಗನಾದ ಪರ್ಸಿ ಫ್ರಾಂಕ್‌ಲೆಂಡನು ಇದೇ ವಿಧಾನದಿಂದ ಲಂಡನ್ನಿನ ನೀರನ್ನು ಕ್ರಮವಾಗಿ ಪರೀಕ್ಷಿಸಿ, ಮರಳಿನ ತೊಟ್ಟಿಗಳು ಕ್ರಿಮಿಗಳ ಬಹುಭಾಗವನ್ನು ತಡೆಯುತ್ತವೆಂದು ತೋರಿಸಿದನು. ಈ ಮಾತಿನ ಸತ್ಯವು ೧೮೯೨ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಪಟ್ಟಣದಲ್ಲಿ ಭಯಂಕರವಾಗಿ ಪ್ರಕಟವಾಯಿತು. ಹ್ಯಾಂಬರ್ಗು ಎಲ್ಬ ನದಿಯ ನೀರನ್ನು ಸೋಸದೆ ಕುಡಿಯುತ್ತಿದ್ದಿತು. ಅದಕ್ಕೆ ಅಂಟಿಕೊಂಡಿದ್ದ ಆಲ್ಟೋನವು ಹ್ಯಾಂಬರ್ಗಿನ ಕೊಳೆ ಸೇರಿದ ಮೇಲಿನ ಅದೇ ನೀರನ್ನು ಸೋಸಿ ಕುಡಿಯುತ್ತಿದ್ದಿತು. ಹ್ಯಾಂಬರ್ಗಿನಲ್ಲಿ ಸುಮಾರು ೮,೬೦೦ ಜನರು ಸತ್ತರು. ಗಡಿಬೀದಿಯ ಒಂದು ಪಾರ್ಶ್ವದಲ್ಲಿ ರೋಗ, ಮತ್ತೊಂದು ಪಾರ್ಶ್ವದಲ್ಲಿ ಆರೋಗ್ಯ. ಆದರೂ ಕೆಲವು ತಿಂಗಳ ಮೇಲೆ, ೧೮೯೩ರ ಚಳಿಗಾಲದಲ್ಲಿ, ಹಿಮದಿಂದ ಒಂದು ಸೋಸುತೊಟ್ಟಿಯು ಕೆಟ್ಟು ಆಲ್ಟೋನದಲ್ಲಿಯೂ ಕಾಲರಾ ತೋರಿತು. ಆದುದರಿಂದ ಪ್ರತಿಯೊಂದು ತೊಟ್ಟಿಯ ನೀರನ್ನೂ ಪ್ರತಿದಿನವೂ ಪರೀಕ್ಷಿಸಬೇಕೆಂದೂ, ಒಂದು ಘನ ಸೆಂಟಿಮೀಟರಿನಲ್ಲಿ ೧೦೦ಕ್ಕಿಂತ ಹೆಚ್ಚು ಕ್ರಿಮಿಗಳಿದ್ದರೆ ಆ ನೀರನ್ನು ಬಿಡಕೂಡದೆಂದೂ ಕಾಖನು ವಿಧಿಸಿದನು. ನಿನ್ನೆಯ ಪರೀಕ್ಷೆಯು ಇಂದಿನ ನೀರಿಗೆ ಪ್ರಮಾಣವಾಗದೆಂಬುದು ಇದರ ತಾತ್ಪರ್ಯ.

ಇನ್ನುಳಿದುದು ಲಿಂಗದ ಪ್ರಶ್ನೆ. ರೋಗಕ್ರಿಮಿಯು ನೀರಿನಲ್ಲಿ ಅತಿ ವಿರಳವಾಗಿರುತ್ತದೆ. ಅದು ಸಿಕ್ಕುವವರೆಗೆ ಕಾದರೆ ಜನರು ಸತ್ತಿರುತ್ತಾರೆ. ೧೮೮೫ರಲ್ಲಿ ಎಷರಿಕ್ ಎಂಬ ವೈದ್ಯನು ಶಿಶುಗಳ ಮಲದಲ್ಲಿ ಒಂದು ಕ್ರಿಮಿಯನ್ನು ವರ್ಣಿಸಿದ್ದನು. ಅದೇ ಇಂದಿನ ಈ. ಕೋಲಿ. ಆರೋಗ್ಯವಂತರ ಕರುಳಿನಲ್ಲಿಯೂ ಅದು ಕೋಟ್ಯಂತರವಾಗಿ ವಾಸಿಸುತ್ತದೆ. ಅದರ ಬಹುತೇಕ ಜಾತಿಗಳು ನಿರಪಾಯವಾದುವು. ಆದರೆ ಅದು ನೀರಿನಲ್ಲಿ ಕಂಡರೆ ಆ ನೀರಿಗೆ ಮನುಷ್ಯರ ಅಥವಾ ಪ್ರಾಣಿಗಳ ಮಲವು ಸೇರಿದೆಯೆಂದೇ ಅರ್ಥ. ಮಲವು ಸೇರಿದಲ್ಲಿ ರೋಗವೂ ಸೇರಬಹುದು. ಬಹುಕಾಲ ಹುಡುಕಿದ ಹೊಗೆಯು ಹೀಗೆ ದೊರೆಯಿತು. ೧೯೦೪ರಲ್ಲಿ ಲಂಡನ್ನಿನ ಕಂಪೆನಿಗಳನ್ನೆಲ್ಲ ಒಂದು ಸಾರ್ವಜನಿಕ ಮಂಡಲಿಯು ವಹಿಸಿಕೊಂಡಿತು. ಮರುವರ್ಷ ಅದರ ಜಲಪರೀಕ್ಷಾಧಿಕಾರಿಯಾದ ಅಲೆಕ್ಸಾಂಡರ್ ಹ್ಯೂಸ್ಟನ್ ಈ ಕ್ರಿಮಿಯ ಶೋಧನೆಯನ್ನು ನಿತ್ಯಕರ್ಮವನ್ನಾಗಿ ಮಾಡಿದನು. ಅದೇ ೧೯೦೫ರಲ್ಲಿ ಲಿಂಕನ್ ಪಟ್ಟಣಕ್ಕೆ ವಿಷಮಶೀತಜ್ವರವು ತಗಲಿದಾಗ, ನೀರಿಗೆ ಕ್ಲೋರಿನ್ನಿನ ಸಂಯುಕ್ತವನ್ನು ಸೇರಿಸಿ ಶುದ್ಧಿಗೊಳಿಸುವ ಕ್ರಮವನ್ನೂ ಆತನು ನಡೆಯಿಸಿದನು. ನೂರು ಮಿಲಿಲೀಟರ್ ನೀರಿನ ಯಾವ ಮಾದರಿಯಲ್ಲಿಯೂ ಈ. ಕೋಲಿ ಕಾಣಕೂಡದೆಂಬುದು ಭಾರತದ ಮಾನಕ ಸಂಸ್ಥೆಯ ಇಂದಿನ ನಿಯಮವು.

ಆದರೆ ಲಿಂಗವು ಕಾಣದ ಮಾತ್ರಕ್ಕೆ ಬೆಂಕಿಯೂ ಇಲ್ಲವೆಂದು ಹೇಳಲಾಗದು. ಕಾಯ್ದ ಕಬ್ಬಿಣದಲ್ಲಿ ಬೆಂಕಿಯಿದ್ದರೂ ಹೊಗೆಯಿರುವುದಿಲ್ಲ. ೧೯೯೩ರಲ್ಲಿ ಅಮೆರಿಕದ ಮಿಲ್ವಾಕಿ ಪಟ್ಟಣದಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂಬ ಸೂಕ್ಷ್ಮಜೀವಿಯಿಂದ ಸುಮಾರು ನಾಲ್ಕು ಲಕ್ಷ ಜನರು ಅಸ್ವಸ್ಥರಾದರು. ಅದು ಕ್ಲೋರಿನ್ನಿಗೆ ಸಾಯುವಂಥದಲ್ಲ. ಹಾಗಾಗಿ ಕರುಳಿನ ಕ್ರಿಮಿಗಳ ಪರೀಕ್ಷೆಯಲ್ಲಿ ನೀರು ನಿರ್ದೋಷವಾಗಿಯೇ ಕಂಡಿದ್ದಿತು. ನೀರಿನ ಕದಡು ಹೆಚ್ಚಿದುದೊಂದೇ ಅಲ್ಲಿ ದೊರೆತಿದ್ದ ಸೂಚನೆ. ಬಾಂಗ್ಲಾದೇಶದಲ್ಲಿ ಕೆರೆಕುಂಟೆಗಳ ಕ್ರಿಮಿಗಳಿಂದ ಜನರನ್ನು ಪಾರುಮಾಡಲೆಂದೇ ಲಕ್ಷಾಂತರ ಕೊಳವೆಬಾವಿಗಳನ್ನು ತೋಡಿಸಿದರು. ಅವುಗಳಲ್ಲಿ ಅನೇಕದರ ನೀರಿನಲ್ಲಿ ಪಾಷಾಣವಿರುವುದು ೧೯೯೩ರಿಂದೀಚೆಗೆ ಬೆಳಕಿಗೆ ಬಂದಿತು. ಮೊದಲು ಅದನ್ನು ಯಾರೂ ಹುಡುಕಿರಲಿಲ್ಲ. ನಮ್ಮ ಪಾವಗಡ, ಮುಂಡರಗಿ ಮುಂತಾದ ಸೀಮೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವಾಗಿದ್ದು ಹಲ್ಲು ಮೂಳೆಗಳನ್ನು ಕೆಡಿಸುವುದು ಸರ್ವವಿದಿತವಾಗಿದೆ. ಕಾಯಿಸಿದರೆ ಕ್ರಿಮಿಗಳು ಸಾಯುತ್ತವೆ. ಫ್ಲೋರೈಡಾಗಲಿ ಪಾಷಾಣವಾಗಲಿ ಹೋಗುವುದಿಲ್ಲ. ಪರೀಕ್ಷೆಯು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರವನ್ನು ಕೊಡುತ್ತದೆ. ಆದುದರಿಂದ ಯಾವ ಊರಿನ ನೀರಿಗೆ ಯಾವ ಪ್ರಶ್ನೆಯನ್ನು ಕೇಳಬೇಕೆಂಬುದನ್ನು ಆ ಊರಿನ ನೆಲವನ್ನೂ ನೀರಿನ ಮೂಲವನ್ನೂ ಬಲ್ಲವರೇ ನಿರ್ಣಯಿಸಬೇಕು.

ಇಷ್ಟೆಲ್ಲ ಸರಿಯಾಗಿದ್ದೂ ಅನರ್ಥವಾಗಬಹುದೆಂಬುದಕ್ಕೆ ಕೆನಡಾ ದೇಶದ ವಾಕರ್ಟನ್ ಎಂಬ ಸಣ್ಣ ಊರು ನಿದರ್ಶನವು. ೨೦೦೦ದ ಮೇ ತಿಂಗಳಲ್ಲಿ ದೊಡ್ಡ ಮಳೆಯಾದ ಮೇಲೆ ಅಲ್ಲಿಯ ಬಾವಿಯೊಂದಕ್ಕೆ ದನಗಳ ಗೊಬ್ಬರದ ಕ್ರಿಮಿಗಳು ಸೇರಿದುವು. ಅವು ಈ. ಕೋಲಿಯ ಘಾತಕವಾದ ಒಂದು ಜಾತಿ. ಪ್ರಯೋಗಶಾಲೆಯು ನೀರನ್ನು ಸರಿಯಾಗಿಯೇ ಪರೀಕ್ಷಿಸಿ, ದೋಷವಿದೆಯೆಂದು ನೀರಿನ ಇಲಾಖೆಗೆ ತಿಳಿಸಿತು. ಇಲಾಖೆಯವರು ಅದನ್ನು ಮುಚ್ಚಿಟ್ಟು, ಆರೋಗ್ಯಾಧಿಕಾರಿಗಳು ಕೇಳಿದಾಗ ನೀರು ಚೆನ್ನಾಗಿದೆಯೆಂದರು. ಕ್ಲೋರಿನ್ನಿನ ಲೆಕ್ಕದ ಪುಸ್ತಕದಲ್ಲಿ ಅಳೆಯದ ಅಂಕಿಗಳನ್ನು ಬರೆಯುವುದು ಅಲ್ಲಿ ರೂಢಿಯಾಗಿದ್ದಿತು. ಏಳು ಜನರು ಸತ್ತರು. ಎರಡು ಸಾವಿರದ ಮುನ್ನೂರರಷ್ಟು ಮಂದಿ ನರಳಿದರು. ೧೮೫೪ರಲ್ಲಿ ಅಜ್ಞಾನವು ಮಾಡಿದ ಕೆಲಸವನ್ನು ಇಲ್ಲಿ ಅಸತ್ಯವು ಮಾಡಿತು. ಪರೀಕ್ಷೆಯ ಫಲವನ್ನು ನೀರು ಒದಗಿಸುವವನಿಗೆ ತಿಳಿಸಿದರೆ ಸಾಲದು; ಕುಡಿಯುವವನ ಕ್ಷೇಮಕ್ಕೆ ಹೊಣೆಯಾದ ಆರೋಗ್ಯಾಧಿಕಾರಿಗೂ ನೇರವಾಗಿ ತಿಳಿಸಬೇಕೆಂಬ ನಿಯಮವು ಆ ಪ್ರಾಂತದಲ್ಲಿ ಆ ಬಳಿಕ ಜಾರಿಗೆ ಬಂದಿತು.

ಈ ನೂರೈವತ್ತು ವರ್ಷಗಳ ಚರಿತ್ರೆಯಿಂದ ನಾಲ್ಕು ಮಾತುಗಳು ನಿಷ್ಪನ್ನವಾಗುತ್ತವೆ. ತಿಳಿತನವೂ ರುಚಿಯೂ ಶುದ್ಧಿಗೆ ಪ್ರಮಾಣವಲ್ಲ. ಸ್ಥಳಕ್ಕೂ ಮೂಲಕ್ಕೂ ತಕ್ಕ ಗುರುತುಗಳನ್ನು ಹುಡುಕಬೇಕು. ಹುಡುಕುವ ಕೆಲಸವು ನಿತ್ಯವೂ ನಡೆಯಬೇಕು. ಹುಡುಕುವವನು ನೀರಿನ ಒಡೆಯನಿಗೆ ಅಧೀನನಾಗಿರದೆ, ಕಂಡುದನ್ನು ಕುಡಿಯುವವರಿಗೆ ಹೇಳಬೇಕು. ಮೊದಲಿನ ಮೂರನ್ನು ಶಾಸ್ತ್ರಜ್ಞರು ಸಾಧಿಸಿಕೊಟ್ಟಿದ್ದಾರೆ. ನಾಲ್ಕನೆಯದು ನಾಗರಿಕರ ಎಚ್ಚರವನ್ನು ಅವಲಂಬಿಸಿದೆ.

ಆ ಎಚ್ಚರಕ್ಕೆ ಇಂದು ಸಾಧನಗಳ ಕೊರತೆಯಿಲ್ಲ. ೧೯೮೨ರಲ್ಲಿ ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದ ಮಂಜ ಮತ್ತು ಅವರ ಸಂಗಡಿಗರು ಒಂದು ಸರಳೋಪಾಯವನ್ನು ಪ್ರಕಟಿಸಿದರು. ಔಷಧಸಂಸ್ಕಾರ ಮಾಡಿದ ಕಾಗದದ ಪಟ್ಟಿಯಿರುವ ಸಣ್ಣ ಸೀಸೆಗೆ ನೀರನ್ನು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟರೆ, ಮಲಸಂಪರ್ಕವಿದ್ದ ನೀರು ಕಪ್ಪಾಗುತ್ತದೆ. ಶಾಲೆಯ ಹುಡುಗರೂ ಇದನ್ನು ಮಾಡಬಲ್ಲರು. ಇದು ಪ್ರಯೋಗಶಾಲೆಯ ಪರೀಕ್ಷೆಗೆ ಬದಲಿಯಲ್ಲ, ಅದಕ್ಕೆ ಮುನ್ಸೂಚನೆ. ಬೀದಿಯ ಕೊನೆಯ ನಲ್ಲಿಯಲ್ಲಿ ಕ್ಲೋರಿನ್ನಿನ ಅಂಶವು ಉಳಿದಿದೆಯೇ ಎಂಬುದನ್ನು ಕೆಲವು ನಿಮಿಷಗಳಲ್ಲಿ ತಿಳಿಸುವ ಸಾಧನಗಳೂ ಉಂಟು. ಆದರೆ ಊರಿನ ನೀರಿನ ವರದಿಯು ಎಲ್ಲಿ ದೊರೆಯುತ್ತದೆ, ಕಡೆಯ ಮಾದರಿಯನ್ನು ಎಂದು ಮತ್ತು ಯಾವ ನಲ್ಲಿಯಿಂದ ತೆಗೆದರು, ಫಲವೇನಾಯಿತು ಎಂದು ಕೇಳುವ ಗೃಹಸ್ಥರು ಎಷ್ಟು ಮಂದಿ? ಹಾಲನ್ನೂ ತುಪ್ಪವನ್ನೂ ನೂರು ಬಾರಿ ಪರೀಕ್ಷಿಸಿ ಕೊಳ್ಳುವ ನಾವು ನೀರನ್ನು ಕೇಳದೆಯೇ ಕುಡಿಯುತ್ತೇವೆ. ಕೇಳುವವರಿದ್ದರೆ ಪರೀಕ್ಷಿಸುವವರು ಜಾಗರೂಕರಾಗಿರುವರು. ಕೇಳುವವರಿಲ್ಲದಿದ್ದರೆ ಪುಸ್ತಕದಲ್ಲಿ ಅಳೆಯದ ಅಂಕಿಗಳು ತುಂಬುವುವು. ಜೀವನವೆಂಬ ಹೆಸರು ನೀರಿಗೆ ಅನ್ವರ್ಥವಾಗಿ ಉಳಿಯುವ ಭಾರವು ಪ್ರಯೋಗಶಾಲೆಯ ಮೇಲೆ ಎಷ್ಟೋ, ಪ್ರತಿಯೊಂದು ಮನೆಯ ಮೇಲೂ ಅಷ್ಟೇ ಇದೆಯೆಂದು ವಿಜ್ಞಾಪಿಸಿ ಈ ಲೇಖನವನ್ನು ಮುಗಿಸುತ್ತೇವೆ.